ಏನು ಉಣ್ತೀಯ ಹೇಳು, ಪಾತ್ರೆ ಆಮೇಲೆ

ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಮಂಡ್ಯದ ಪೇಟೆಬೀದಿಯಲ್ಲಿ ಬಹಳ ಕಾಲ ಪಾತ್ರೆ ಅಂಗಡಿ ನಡೆಸಿದವರು. ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರೂ ಬಾಗಿಲ ಬಳಿಯ ಸ್ಟೂಲನ್ನು ಬಿಟ್ಟುಕೊಟ್ಟಿಲ್ಲ. ಇನ್ನೊಬ್ಬಳು ಮಳವಳ್ಳಿ ಕಡೆಯ ಹುಡುಗಿ. ಮದುವೆಯಾಗಿ ಮದ್ದೂರಿನಲ್ಲಿ ಮನೆ ಹೂಡಿದ್ದಾಳೆ. ಗಂಡ ಹೆಂಡತಿ ಇಬ್ಬರೂ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವವರು.

— ಹದಿನಾಲ್ಕು ಸಾಮಾನು ಬರ್ಕೊಂಡು ಬಂದಿದ್ದೀನಿ ಮಾವ. ನಾನ್‌ಸ್ಟಿಕ್ ಸೆಟ್ಟು, ಟ್ರೈಪ್ಲೈ ಕಡಾಯಿ, ಮೂರು ಲೀಟರಿಂದು ಒಂದು ಕುಕ್ಕರ್, ಐದು ಲೀಟರಿಂದು ಒಂದು, ಗಾಜಿನ ಮುಚ್ಚಳದವು ಎರಡು, ಎರಕದ ಕಬ್ಬಿಣದ ತವಾ... ಒಟ್ಟಿನಲ್ಲಿ ಅಡುಗೆ ಬೇಗ ಆಗ್ಬೇಕು.

— ಪಟ್ಟಿ ಮಡಚಿ ಇಟ್ಕೊಳವ್ವ. ವಾರದಲ್ಲಿ ಏನೇನು ಉಣ್ತೀರಿ, ಅದ ಹೇಳು ಮೊದ್ಲು.

— ಎಲ್ಲರೂ ಉಣ್ಣೋದೇ. ಬೆಳಿಗ್ಗೆ ದೋಸೆನೋ ಉಪ್ಪಿಟ್ಟೋ. ಮಧ್ಯಾಹ್ನಕ್ಕೆ ಡಬ್ಬಿಗೆ ಅನ್ನ, ಪಲ್ಯ. ರಾತ್ರಿ ಹಿಟ್ಟು, ಅದೇ ರಾಗಿಮುದ್ದೆ, ಸಾರು. ಭಾನುವಾರ ಬಾಡು.

— ನೋಡ್ದಾ? ದಿನಾ ರಾತ್ರಿ ಹಿಟ್ಟು ಉಣ್ತೀನಿ ಅಂತೀಯ, ಹದಿನಾಲ್ಕರಲ್ಲಿ ಹಿಟ್ಟು ತಿರುವೋ ಪಾತ್ರೆ ಒಂದೂ ಇಲ್ಲ.

— ಯಾಕಿಲ್ಲ, ಟ್ರೈಪ್ಲೈ ಕಡಾಯಿ ಇದೆಯಲ್ಲ.

— ಕಡಾಯಿ ಬಾಯಿ ಅಗಲ, ತಳ ಗುಂಡಗೆ. ಕೋಲು ಊರಿದ್ರೆ ಕಡಾಯೀನೇ ಗಿರ್ರನೆ ತಿರುಗ್ತದೆ. ಹಿಟ್ಟಿಗೆ ನೆಟ್ಟಗೆ ನಿಂತ ಗೋಡೆ ಬೇಕು, ಸಪಾಟಾದ ದಪ್ಪ ತಳ ಬೇಕು, ಎರಡು ಕಡೆ ಗಟ್ಟಿ ಹಿಡಿ ಬೇಕು. ನಾನ್‌ಸ್ಟಿಕ್ಕಿನಲ್ಲಿ ಕೋಲು ಆಡಿಸಂಗೇ ಇಲ್ಲ, ಲೇಪ ಎದ್ದು ಬರ್ತದೆ. ತೆಳು ಸ್ಟೀಲಿನಲ್ಲಿ ಎಸರು ಕುದಿಯೋದೂ ಬೇಗ, ತಳ ಸೀಯೋದೂ ಬೇಗ. ಈ ಜಿಲ್ಲೇಲಿ ದಪ್ಪ ಹಿಂಡಾಲಿಯಂ ಪಾತ್ರೆ ಮನೆಮನೆಗೂ ಹೋಗಿರೋದು ಅದುಕ್ಕೇ.

— ಅಲ್ಯೂಮಿನಿಯಂ ಒಳ್ಳೇದಲ್ಲ ಅಂತಾರಲ್ಲ?

— ಹುಳಿ ಜೊತೆ ಒಳ್ಳೇದಲ್ಲ. ಹುಣಸೆ, ಟೊಮೆಟೊ, ಮಜ್ಜಿಗೆ ಇವನ್ನ ಅದ್ರಲ್ಲಿ ಕುದಿಸಿದ್ರೆ, ಕುದಿಸಿ ಅದ್ರಲ್ಲೇ ಬಿಟ್ರೆ ಲೋಹ ವಸಿ ವಸಿ ಬಿಟ್ಕೊಳ್ತದೆ. ಹಿಟ್ಟಿನಲ್ಲಿ ಹುಳಿ ಎಲ್ಲೈತೆ? ತಿರುವಿದ ಕೂಡ್ಲೆ ತಟ್ಟೆಗೆ ಬಂತು. ಅದಕ್ಕೂ ಮನಸ್ಸು ಒಪ್ಪದೆ ಇದ್ರೆ ದಪ್ಪ ತಳದ ಸ್ಟೀಲು ತಕ್ಕೊ, ಇಲ್ಲಾ ಟ್ರೈಪ್ಲೈನಲ್ಲೇ ನೇರ ಗೋಡೇದು ತಕ್ಕೊ. ಇಬ್ಬರಿಗೆ ಎರಡೂವರೆ ಲೀಟರಿಂದು ಸಾಕು. ದೊಡ್ಡದು ತಕ್ಕೊಂಡ್ರೆ ಹಿಟ್ಟು ತಳದಲ್ಲಿ ತೆಳ್ಳಗೆ ಹರಡ್ಕೊಂಡು ಸೀಯ್ತದೆ.

— ಪಾತ್ರೆ ಯಾವುದಾದ್ರೂ ಇರಲಿ, ನಾನು ತಿರುವಿದ್ರೆ ಗಂಟು ಗಂಟೇ. ಅಜ್ಜಿ ತಿರುವಿದ್ರೆ ಬೆಣ್ಣೆ.

— ನಿಮ್ಮಜ್ಜಿ ಒಲೆ ಎಲ್ಲಿತ್ತು? ನೆಲದಲ್ಲಿ. ಮಡಕೆ ಇಳಿಸಿ, ಕವೆಗೋಲಲ್ಲಿ ಅದುಮಿ ಹಿಡಿದು, ಮೇಲಿಂದ ಬಗ್ಗಿ ತಿರುವೋರು. ಅರ್ಧ ಕೆಲಸ ಮೈಭಾರಾನೇ ಮಾಡೋದು. ಈಗ ಸಿಮೆಂಟು ಕಟ್ಟೆ, ಕಟ್ಟೆ ಮೇಲೆ ಗ್ಯಾಸ್ ಒಲೆ, ಒಲೆ ಮೇಲೆ ಪಾತ್ರೆ. ಪಾತ್ರೆ ಬಾಯಿ ಎದೆಮಟ್ಟಕ್ಕೆ ಬಂದುಬುಡ್ತು. ಭಾರ ಬಿಡೋಕೆ ಜಾಗಾನೇ ಇಲ್ಲ, ಬರೀ ರಟ್ಟೇಲಿ ತಿರುವಬೇಕು. ಗಂಟಾಗದೆ ಇನ್ನೇನಾಗ್ತದೆ? ಅಡುಗೆಮನೆ ಕಟ್ಟಿದ ಮೇಸ್ತ್ರಿಗಳು ಹಿಟ್ಟು ಉಣ್ಣೋರೇ, ಆದ್ರೂ ಹಿಟ್ಟು ತಿರುವೋಕೆ ಒಂದು ತಗ್ಗು ಜಾಗ ಬಿಡಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ.

— ಹಾಗಾದ್ರೆ ಏನ್ಮಾಡ್ಲಿ, ಕಟ್ಟೆ ಒಡೆಸ್ಲಾ?

— ಪಾತ್ರೆ ನೆಲಕ್ಕೆ ಇಳಿಸು. ಗೋಣಿತಾಟು ಮಡಚಿ ಅದರ ಮೇಲೆ ಇಡು. ಕವೆಗೋಲು ಇಲ್ಲದಿದ್ರೆ ಗಂಡನ್ನ ಹಿಡಿ ಹಿಡ್ಕೊಳೋಕೆ ಕೂರಿಸು. ಇನ್ನೂ ಒಳ್ಳೇದು, ನೀನು ಹಿಡ್ಕೊ, ಅವನು ತಿರುವಲಿ.

— ಅದು ಒಳ್ಳೆ ಮಾತು. ನೀವು ಯಾವತ್ತಾದ್ರೂ ತಿರುವಿದ್ದೀರಾ?

— ಅಂಗಡಿ ಹಿಂದಿನ ಕೋಣೇಲಿ ಸೀಮೆಎಣ್ಣೆ ಸ್ಟೌ ಇಟ್ಕೊಂಡು ಮಧ್ಯಾಹ್ನದ ಊಟ ನಾನೇ ಬೇಯಿಸ್ಕೊತಿದ್ದೆ ಕಣವ್ವ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಉಪ್ಪು, ಒಂದು ಚಮಚ ಹಿಟ್ಟು ಕದಡಿ ಎಸರಿಡು. ಮರಳುವಾಗ ಉಳಿದ ಹಿಟ್ಟನ್ನ ನಡುವೆ ಗೋಪುರದ ಹಾಗೆ ಸುರಿ. ಕಲಕಬ್ಯಾಡ. ಕೋಲಲ್ಲಿ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಮುಚ್ಚಿ ಐದು ನಿಮಿಷ ಬುಡು. ಆವಿ ಮೇಲೆ ಬಂದು ಹಿಟ್ಟು ಬೇಯ್ತದೆ. ಅವಸರ ಮಾಡೋರೆಲ್ಲ ಈ ಐದು ನಿಮಿಷ ಕದೀತಾರೆ, ಆಮೇಲೆ ಗಂಟು ಒಡೆಯೋಕೆ ಹತ್ತು ನಿಮಿಷ ಬಡೀತಾರೆ. ಇಳಿಸಿ ತಿರುವಿ, ನೀರು ಚಿಮುಕಿಸಿ ಮತ್ತೆ ಎರಡು ನಿಮಿಷ ಸಣ್ಣ ಉರೀಲಿಟ್ಟು, ಕೈ ಒದ್ದೆ ಮಾಡ್ಕೊಂಡು ಕಟ್ಟು.

— ಹಿಟ್ಟು ಇಪ್ಪತ್ತು ನಿಮಿಷದಲ್ಲಿ ಆಗುತ್ತೆ ಅಂತಿಟ್ಕೊಳಿ. ಸಾರು? ರೈಲು ಇಳಿದು ಮನೆ ಸೇರೋ ಹೊತ್ತಿಗೆ ಎಂಟು ಗಂಟೆ. ಹುರಿದು, ರುಬ್ಬಿ, ಕುದಿಸಿ...

— ಹುರಿಯೋದು ಯಾಕೆ? ಉಪ್ಸಾರು ಮಾಡು. ಅವಸರದ ಅಡುಗೆ ಅಂತ ಇಂಟರ್‌ನೆಟ್ಟಲ್ಲಿ ಹುಡುಕ್ತೀರಲ್ಲ, ಅದನ್ನ ಮಂಡ್ಯದ ಹೆಂಗಸರು ಯಾವತ್ತೋ ಮಾಡಿಟ್ಟವ್ರೆ. ಹೊಲದಿಂದ ಕತ್ತಲಾದ ಮೇಲೆ ಬಂದು ಒಲೆ ಹಚ್ಚಿ ಎಂಟು ಜನಕ್ಕೆ ಬಡಿಸಬೇಕಾಗಿದ್ದೋರ ಅಡುಗೆ ಅದು. ಕಾಳು ಬೇಯಿಸು, ಅದಕ್ಕೆ ಸೊಪ್ಪು ಹಾಕು, ಉಪ್ಪು ಹಾಕು, ಬಸಿ. ಬಸಿದ ನೀರು ಸಾರು. ಉಳಿದ ಸೊಪ್ಪು ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ರೆ ಪಲ್ಯ. ಒಂದೇ ಕುದಿಗೆ ಎರಡು ಅಡುಗೆ ಆಯ್ತು. ಪಲ್ಯದಲ್ಲಿ ಒಂದಿಷ್ಟು ತೆಗೆದಿಟ್ರೆ ಮಾರನೆ ದಿನದ ಡಬ್ಬಿಗೂ ಆಯ್ತು.

— ಖಾರ ರುಬ್ಬಬೇಕಲ್ಲ.

— ಅದನ್ನ ಭಾನುವಾರ ರುಬ್ಬಿಟ್ಕೊ. ಹಸಿಮೆಣಸಿನಕಾಯಿ ಸುಟ್ಟು ಇಲ್ಲಾ ಬಾಡಿಸಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು. ನೀರು ಸೋಕಿಸದೆ ಗಟ್ಟಿಯಾಗಿ ರುಬ್ಬಿ ಗಾಜಿನ ಡಬ್ಬೀಲಿ ಫ್ರಿಜ್ಜಿಗೆ ಹಾಕು, ನಾಲ್ಕೈದು ದಿನ ಏನೂ ಆಗಲ್ಲ. ಕಾಯಿ ಸೇರಿಸಬ್ಯಾಡ, ಕಾಯಿ ಬಿದ್ದ ಖಾರ ಬೇಗ ಕೆಡ್ತದೆ. ಬೇಕಾದೋರು ತಟ್ಟೇಲಿ ಸಾರಿಗೆ ಕದಡ್ಕೊಳ್ಳಲಿ. ಮಕ್ಕಳಿರೋ ಮನೆಗೆ ಇದಕ್ಕಿಂತ ಅನುಕೂಲದ ಸಾರು ಇಲ್ಲ, ಅವರವರ ಖಾರ ಅವರವರ ಬೆರಳಲ್ಲೇ ಇರ್ತದೆ.

— ಹುರುಳಿಕಾಳು ಬೇಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಾ? ಅದಕ್ಕೇ ಎರಡು ಕುಕ್ಕರ್ ಬರ್ದಿದ್ದು.

— ಕುಕ್ಕರ್ ಬ್ಯಾಡ ಅಂದ್ನಾ? ಆ ಪಟ್ಟೀಲಿ ನಿಜವಾಗಿ ಹೊತ್ತು ಉಳಿಸೋದು ಅದೊಂದೇ. ನಮ್ಮ ಮಂಡ್ಯ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ ಏಳುನೂರು ಮೀಟರ್ ಮೇಲೈತೆ, ಇಲ್ಲಿ ತೆರೆದ ಪಾತ್ರೇಲಿ ನೀರು 98 ಡಿಗ್ರಿ ಹತ್ತಿರ ಕುದೀತದೆ. ಎಷ್ಟೇ ಉರಿ ಕೊಟ್ರೂ ಅದಕ್ಕಿಂತ ಬಿಸಿ ಏರಲ್ಲ, ಬರೀ ಆವಿ ಹೋಗ್ತದೆ. ಕುಕ್ಕರಲ್ಲಿ ಆವಿ ಕಟ್ಟಿ ಹಾಕಿದ್ರೆ ನೀರು 120ರ ಹತ್ತಿರ ಹೋಗ್ತದೆ. ಅದೇ ಅದರ ಗುಟ್ಟು. ನಮ್ಮೋರಿಗೆ ಮಾತ್ರ ಕೂಗು ಎಣಿಸೋ ಚಟ. ಮೊದಲನೆ ಕೂಗು ಬಂತು ಅಂದ್ರೆ ಒಳಗೆ ಒತ್ತಡ ತುಂಬ್ತು ಅಂತ ಅರ್ಥ, ಅಷ್ಟೇ. ಆಮೇಲೆ ಉರಿ ಸಣ್ಣ ಮಾಡಿ ನಿಮಿಷ ಎಣಿಸಬೇಕು. ದೊಡ್ಡ ಉರೀಲಿ ಎಂಟು ಸಲ ಕೂಗಿಸೋರು ಗ್ಯಾಸ್ ಸುಟ್ಟು ಆವಿ ಮಾರ್ತವ್ರೆ. ಕಾಳು ಬೆಳಿಗ್ಗೆ ಹೋಗುವಾಗ ನೆನೆಹಾಕು, ರಾತ್ರಿ ಅರ್ಧ ಹೊತ್ತಲ್ಲಿ ಬೇಯ್ತದೆ.

— ಎರಡರಲ್ಲಿ ಯಾವುದು ತಗೊಳ್ಲಿ?

— ಇಬ್ಬರಿಗೆ ಮೂರು ಲೀಟರ್. ಬೇಳೆ ಕಾಳು ಬೇಯಿಸುವಾಗ ಅರ್ಧಕ್ಕಿಂತ ಮೇಲೆ ತುಂಬಬ್ಯಾಡ, ಅವು ಉಬ್ಬಿ ನೊರೆ ಎದ್ದು ನಳಿಕೆ ಕಟ್ತದೆ. ತಿರುಗಿಸಿ ಐಎಸ್‌ಐ ಗುರುತು ನೋಡು. ಐಎಸ್ 2347 ಅಂತ ಇರ್ತದೆ. 2021ರ ಫೆಬ್ರವರಿ ಒಂದನೇ ತಾರೀಕಿಂದ ಆ ಗುರುತಿಲ್ಲದ ಕುಕ್ಕರ್ ಮಾರಂಗೇ ಇಲ್ಲ ಅಂತ ಕಾಯ್ದೆ. ಸಂತೇಲಿ, ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಗುರುತಿಲ್ಲದ್ದು ತಂದು ಒಲೆ ಮೇಲೆ ಇಟ್ಕೊಂಡು ಅದರ ಮುಂದೆ ನಿಂತ್ಕೊಳೋ ಧೈರ್ಯ ನಂಗಿಲ್ಲ.

— ಅನ್ನದ ವಿಷಯಕ್ಕೆ ಬಂದ್ರೆ, ಅಪ್ಪ ರಾಜಮುಡಿ ಕೊಟ್ಟು ಕಳಿಸ್ತಾರೆ. ಅದು ಸೋನಾಮಸೂರಿ ಬೆಂದಷ್ಟು ಬೇಗ ಬೇಯಲ್ಲ ಅಂತ ಮೂಟೆ ಹಾಗೇ ಕೂತಿದೆ.

— ಛೀ, ಮಳವಳ್ಳಿಯೋಳಾಗಿ ಅಂಥ ಮಾತಾಡ್ತೀಯಲ್ಲ! ನಿಮ್ಮ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ನೂರಾರು ನಾಟಿ ಭತ್ತದ ತಳಿ ಬಿತ್ತಿ ಉಳಿಸ್ತಾ ಅವ್ರೆ, ನೀನು ಮೂಟೆ ಬಿಚ್ಚೋಕೆ ಸೋಮಾರಿತನ ಮಾಡ್ತೀಯ. ತವುಡು ಪೂರ್ತಿ ಹೋಗಿರಲ್ಲ, ಅದಕ್ಕೆ ನೀರು ಒಳಕ್ಕೆ ಇಳಿಯೋಕೆ ಹೊತ್ತು ಬೇಕು. ಎದ್ದ ಕೂಡ್ಲೆ ತೊಳೆದು ನೆನೆಹಾಕಿ ಸ್ನಾನಕ್ಕೆ ಹೋಗು. ಅರ್ಧ ಗಂಟೆ ನೆನೆದದ್ದನ್ನ ಕುಕ್ಕರಿಗೆ ಹಾಕಿ, ನೀರು ವಸಿ ಜಾಸ್ತಿ ಇಡು. ನೀನು ಸೀರೆ ಉಡೋ ಹೊತ್ತಿಗೆ ಆಗಿರ್ತದೆ.

— ಸೀರೆ ಯಾರು ಉಡ್ತಾರೆ ರೈಲಿಗೆ. ಆಯ್ತು, ದೋಸೆ ವಿಷಯದಲ್ಲಿ ಮಾತ್ರ ನಾನ್‌ಸ್ಟಿಕ್ ಬಿಡಲ್ಲ. ಕಬ್ಬಿಣದ ಕಾವಲಿಗೆ ಎರಡು ದೋಸೆ ಅಂಟಿಕೊಂಡ್ರೆ ನನ್ನ ರೈಲು ಹೋಯ್ತು.

— ಕಾವಲಿ ಪಳಗಿಸಬೇಕವ್ವ. ಎಣ್ಣೆ ಸವರಿ, ಹೊಗೆ ಬರೋವರೆಗೂ ಕಾಯಿಸಿ, ಆರಿಸಿ, ಮತ್ತೆ ಸವರಿ... ನಾಲ್ಕೈದು ಸಲ ಮಾಡಿದ್ರೆ ಎಣ್ಣೆ ಗಟ್ಟಿ ಪದರ ಆಗಿ ಕೂರ್ತದೆ. ಈರುಳ್ಳಿ ಹೋಳಲ್ಲಿ ಉಜ್ಜಿ ಹುಯ್ದ್ರೆ ದೋಸೆ ಎದ್ದು ಬರ್ತದೆ.

— ಪಳಗಿಸಿದ ಮೇಲೆ? ಯಾರೋ ನೆಂಟರು ಬಂದು ಉಪಕಾರಕ್ಕೆ ಅಂತ ಸಬೀನ ಹಾಕಿ ತಿಕ್ಕಿಟ್ರೆ ಮತ್ತೆ ಮೊದಲಿಂದ. ದಿನಾ ದೋಸೆ ಹುಯ್ಯೋರಿಗೆ ಕಾವಲಿ ಸರಿ. ನಾನು ವಾರಕ್ಕೆ ಎರಡು ಸಲ. ಒಂದು ನಾನ್‌ಸ್ಟಿಕ್ ತವಾ ಇಟ್ಕೊಂಡು ಮರದ ಸೌಟಲ್ಲಿ ಎಬ್ಬಿಸ್ತೀನಿ, ಲೇಪ ಕಿತ್ತರೆ ಎಸೀತೀನಿ. ಅದರಲ್ಲಿ ತಪ್ಪೇನಿದೆ?

— ತಪ್ಪಿಲ್ಲ ಬುಡು. ಒಂದು ಮಾತು ನೆನಪಿಟ್ಕೊ. ಖಾಲಿ ತವಾ ದೊಡ್ಡ ಉರೀಲಿಟ್ಟು ಚಟ್ನಿ ರುಬ್ಬೋಕೆ ಹೋಗಬ್ಯಾಡ. ಆ ಲೇಪ 260 ಡಿಗ್ರಿ ದಾಟಿದ್ರೆ ಕೆಡೋಕೆ ಶುರು ಆಗ್ತದೆ, ಇನ್ನೂ ಏರಿದ್ರೆ ವಿಷದ ಹೊಗೆ ಬಿಡ್ತದೆ. ಖಾಲಿ ತವಾ ನೀನು ಅಂದ್ಕೊಂಡಿದ್ದಕ್ಕಿಂತ ಬೇಗ ಅಲ್ಲಿಗೆ ಮುಟ್ತದೆ. ಅದರಲ್ಲಿ ಒಣಮೆಣಸಿನಕಾಯಿ ಹುರಿಯೋದು, ರೊಟ್ಟಿ ಬೇಯಿಸೋದು ಬ್ಯಾಡ. ಅದಕ್ಕೆ ಒಂದು ಕಬ್ಬಿಣದ ಬಾಂಡ್ಲಿ ಇಟ್ಕೊ, ಹುರಿಯೋಕೂ ಆಯ್ತು, ಕರಿಯೋಕೂ ಆಯ್ತು.

— ಕರಿಯೋದು ವರ್ಷಕ್ಕೆ ಎರಡು ಹಬ್ಬಕ್ಕೆ. ವಡೆ ಬೇಕಾದ್ರೆ ಊರಲ್ಲೇ ಸಿಗುತ್ತೆ.

— ಸಿಗದೆ ಇರ್ತದಾ! ಆ ವಡೆ ಹುಟ್ಟಿದ್ದೂ ನಿನ್ನಂಗೆ ರೈಲಿನ ಅವಸರದಿಂದಲೇ ಅಂತ ಕಥೆ ಹೇಳ್ತಾರೆ. 1917ರಲ್ಲಿ ಮದ್ದೂರು ಸ್ಟೇಷನ್ನಲ್ಲಿ ರಾಮಚಂದ್ರ ಬುದ್ಯ ಅಂತ ತಿಂಡಿ ಮಾರೋರು. ಪಕೋಡ ಆಗೋದರೊಳಗೆ ರೈಲು ಬಂದುಬುಡ್ತಂತೆ. ಇದ್ದ ಹಿಟ್ಟುಗಳನ್ನೆಲ್ಲ ಸೇರಿಸಿ ತಟ್ಟಿ ಕರಿದು ಕೊಟ್ರಂತೆ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಈರುಳ್ಳಿ, ಕರಿಬೇವು. ನೆನೆಸಬೇಕಾಗಿಲ್ಲ, ರುಬ್ಬಬೇಕಾಗಿಲ್ಲ. ಉದ್ದಿನವಡೆ ಮಾಡೋಳಿಗೆ ಹಿಂದಿನ ದಿನವೇ ನೆನಪಿರಬೇಕು, ಮದ್ದೂರು ವಡೆ ಮಾಡೋಳಿಗೆ ನೆಂಟರು ಬಾಗಿಲಿಗೆ ಬಂದ ಮೇಲೆ ನೆನಪಾದ್ರೂ ನಡೀತದೆ. ಆದ್ರೆ ಹಿಟ್ಟು ಕಲಸೋದರಲ್ಲಿ ಅವಸರ ನಡೆದಂಗೆ ಎಣ್ಣೇಲಿ ನಡೆಯಲ್ಲ. ಉರಿ ಜೋರು ಮಾಡಿದ್ರೆ ಮೇಲೆ ಕೆಂಪು, ಒಳಗೆ ಹಸಿ. ಹದ ಉರೀಲಿ ನಿಧಾನಕ್ಕೆ ಕರಿದ್ರೇನೆ ಕಟುಮ್ ಅನ್ನೋದು. ತೆಳು ಬಾಂಡ್ಲೀಲಿ ನಾಲ್ಕು ವಡೆ ಬಿಟ್ರೆ ಎಣ್ಣೆ ತಣ್ಣಗಾಗಿ ಕೂತುಬುಡ್ತದೆ. ದಪ್ಪ ಕಬ್ಬಿಣ ಬಿಸಿ ಹಿಡ್ಕೊಂಡಿರ್ತದೆ.

— ಇಂಡಕ್ಷನ್ ಒಲೇನೂ ಇದೆ ಮನೇಲಿ. ಮದುವೆಗೆ ಬಂದದ್ದು. ಇರೋ ಸ್ಟೀಲ್ ಪಾತ್ರೆ ಇಟ್ರೆ ಕೆಲವು ಬಿಸಿ ಆಗುತ್ತೆ, ಕೆಲವಕ್ಕೆ ಬರೀ ಕೀ ಕೀ ಅನ್ನುತ್ತೆ.

— ಅಯಸ್ಕಾಂತ ಇದ್ರೆ ತಳಕ್ಕೆ ಹಿಡಿದು ನೋಡು. ಅಂಟಿದ್ರೆ ಆ ಪಾತ್ರೆ ಇಂಡಕ್ಷನ್ನಿಗೆ ಆಗ್ತದೆ, ಅಂಟದಿದ್ರೆ ಇಲ್ಲ. ಇದನ್ನ ತಿಳೀದೆ ಎಷ್ಟೋ ಜನ ಅಂಟೋದು ಕಳಪೆ ಸ್ಟೀಲು ಅಂತ ವಾಪಸ್ ತರ್ತಾರೆ. ನಂಬರ್ 304 ಸ್ಟೀಲಿನಲ್ಲಿ ನೂರಕ್ಕೆ ಹದಿನೆಂಟರಷ್ಟು ಕ್ರೋಮಿಯಂ, ಎಂಟರಷ್ಟು ನಿಕಲ್ ಇರ್ತದೆ. ಅದು ಒಳ್ಳೇದು, ಆದ್ರೆ ಅಂಟಲ್ಲ. 202 ಅಂತ ಅಗ್ಗದ್ದು ಐತೆ, ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರ್ತಾರೆ. ಅದೂ ಅಂಟಲ್ಲ. ಅಂದ್ಮೇಲೆ ಅಯಸ್ಕಾಂತ ಗುಣ ಹೇಳಲ್ಲ, ಯಾವ ಒಲೆಗೆ ಆಗ್ತದೆ ಅಂತ ಹೇಳ್ತದೆ ಅಷ್ಟೇ. ಟ್ರೈಪ್ಲೈಗೆ ಬೆಲೆ ಯಾಕೆ ಜಾಸ್ತಿ ಅಂದ್ರೆ, ಒಳಗೆ ಅಂಟದ ಸ್ಟೀಲು, ಹೊರಗೆ ಅಂಟೋ ಸ್ಟೀಲು, ನಡುವೆ ಬಿಸಿ ಹರಡೋಕೆ ಅಲ್ಯೂಮಿನಿಯಂ. ಉಪ್ಪಿಟ್ಟಿಗೆ, ಪಲ್ಯಕ್ಕೆ ಅಂತ ಒಂದು ತಕ್ಕೊ, ದುಡ್ಡು ದಂಡ ಅಲ್ಲ. ಅಗಲ ಬಾಯಿದೇ ತಕ್ಕೊ. ಆಲೆಮನೆ ಕೊಪ್ಪರಿಗೆ ನೋಡಿದ್ದೀಯಲ್ಲ, ಕಬ್ಬಿನಹಾಲಿನ ನೀರು ಹೋಗಬೇಕು ಅಂತಲೇ ಅಷ್ಟು ಅಗಲ ಮಾಡಿರೋದು. ನೀರು ಹೋಗಬೇಕಾದ ಪಲ್ಯಕ್ಕೆ ಅಗಲ ಪಾತ್ರೆ, ನೀರು ಉಳೀಬೇಕಾದ ಸಾರಿಗೆ ಎತ್ತರದ್ದು. ಹಿಟ್ಟು ಮಾತ್ರ ಇಂಡಕ್ಷನ್ ಮೇಲೆ ತಿರುವಬ್ಯಾಡ, ಗಾಜು ಸೀಳ್ತದೆ. ಬೇಯಿಸಿ ಇಳಿಸ್ಕೊ.

— ಕರೆಂಟು ಇದ್ದಾಗಿನ ಮಾತು ಅದು. ನಮ್ಮೂರ ಹತ್ರಾನೇ ಕರೆಂಟು ಹುಟ್ಟೋದು, ನಮ್ಮೂರಿಗೇ ಇರಲ್ಲ.

— ಅದು ಹಳೇ ಕಥೆ ಕಣವ್ವ. 1902ರಲ್ಲಿ ನಿಮ್ಮ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದ್ಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷಕ್ಕೆ ಬೆಂಗಳೂರಿನ ಬೀದಿದೀಪಕ್ಕೆ. ಮಳವಳ್ಳಿ ಒಲೆಗಳು ಸೌದೆ ಊದ್ತಾನೇ ಇದ್ವು. ಅದುಕ್ಕೇ ಅನ್ನೋದು, ಇಂಡಕ್ಷನ್ ಎರಡನೇ ಒಲೆಯಾಗಿ ಇರಲಿ. ಬೆಳಿಗ್ಗೆ ಗ್ಯಾಸ್ ಮೇಲೆ ಅನ್ನ, ಇಂಡಕ್ಷನ್ ಮೇಲೆ ಪಲ್ಯ. ಎರಡು ಒಲೆ ಒಟ್ಟಿಗೆ ಉರಿದ್ರೆ ಅದೇ ನಿನಗೆ ಉಳಿಯೋ ಹೊತ್ತು.

— ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ ಒಂದಿದೆ. ನಾಗಮಂಗಲದ್ದಂತೆ. ಅದರಲ್ಲಿ ಸಾರು ಮಾಡಿದ್ರೆ ರುಚಿ ಅಂತ ಅಮ್ಮ ಹೇಳ್ತಾಳೆ.

— ನಾಗಮಂಗಲದ ಕಂಚು ಹಿತ್ತಾಳೆ ಕೆಲಸಕ್ಕೆ ಹಿಂದೆ ದೊಡ್ಡ ಹೆಸರು. ಮಾರಬ್ಯಾಡ, ಇಟ್ಕೊ. ಒಳಗೆ ಕಲಾಯಿ ಐತಾ ನೋಡು. ಬೆಳ್ಳಗೆ ಹೊಳೀತಿದ್ರೆ ಐತೆ, ಹಳದಿ ಕಾಣ್ತಿದ್ರೆ ಹೋಗೈತೆ. ಕಲಾಯಿ ಇಲ್ಲದ್ದರಲ್ಲಿ ಹುಳಿ ಬಿದ್ರೆ ಕಿಲುಬು. ಅದು ಹೊಟ್ಟೆಗೆ ಹೋದ್ರೆ ವಾಂತಿ. ಕಲಾಯಿ ಹಾಕಿಸಿದ ಮೇಲೂ ಖಾಲಿ ಪಾತ್ರೆ ಕಾಯಿಸಬ್ಯಾಡ, ತವರ 232 ಡಿಗ್ರಿಗೇ ಕರಗ್ತದೆ. ಕಲಾಯಿಯೋರು ಮೊದ್ಲು ಬೀದಿ ಬೀದಿ ಕೂಗ್ಕೊಂಡು ಬರೋರು, ಈಗ ಹುಡುಕ್ಕೊಂಡು ಹೋಗಬೇಕು. ನಿನ್ನಂಥ ಅವಸರದೋರಿಗೆ ಅದು ದಿನಬಳಕೆ ಪಾತ್ರೆ ಅಲ್ಲ.

— ಭಾನುವಾರದ ಬಾಡಿಗೆ?

— ಅದೇ ಕುಕ್ಕರ್. ಬಂಡೂರು ಕುರಿ ಸಿಕ್ಕಿದ್ರೆ ಕುಕ್ಕರೂ ಬ್ಯಾಡ. ನಿಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಹೆಸರಿನ ತಳಿ ಅದು, ಮಾಂಸದ ನಡುವೆಯೇ ಕೊಬ್ಬು ಹರಡ್ಕೊಂಡಿರ್ತದೆ, ಮೆತ್ತಗೆ ಬೇಯ್ತದೆ. ದಪ್ಪ ಪಾತ್ರೇಲಿ ಮುಚ್ಚಿಟ್ಟು ಸಣ್ಣ ಉರೀಲಿ ಬಿಡು. ಭಾನುವಾರ ನಿನ್ನ ರೈಲು ಇಲ್ಲವಲ್ಲ, ಏನವಸರ? ಬಲಿತ ಮಾಂಸ ಆದ್ರೆ ಕುಕ್ಕರಿಗೆ ಹಾಕು.

— ಹಾಗಾದ್ರೆ ಲೆಕ್ಕ ಹಾಕಿ. ಹದಿನಾಲ್ಕರಲ್ಲಿ ಏನು ಉಳೀತು?

— ಹಿಟ್ಟಿನ ಪಾತ್ರೆ, ಅದು ನಿನ್ನ ಪಟ್ಟೀಲಿ ಇರಲೇ ಇಲ್ಲ. ಮೂರು ಲೀಟರ್ ಕುಕ್ಕರ್. ಅಗಲದ ಟ್ರೈಪ್ಲೈ. ಕಬ್ಬಿಣದ ಬಾಂಡ್ಲಿ. ನೀನು ಹಟ ಹಿಡಿದ ದೋಸೆ ತವಾ. ಸಾರಿಗೆ ಒಂದು ಎತ್ತರದ ಸ್ಟೀಲು, ಅದು ಮದುವೇಲಿ ಹೆಸರು ಕೊರೆಸಿ ಕೊಟ್ಟವು ನಿಮ್ಮನೇಲಿ ಒಂದು ಡಜನ್ ಇರ್ತವೆ. ಅದ್ನೂ ಕೊಳ್ಳಬ್ಯಾಡ.

— ಇಷ್ಟೇ ಮಾರಿದ್ರೆ ನಿಮ್ಮ ಮಗನಿಗೆ ಏನು ಉಳಿಯುತ್ತೆ?

— ಮಗ ಬೈಯ್ಕೊತಾನೆ, ಬೈಯ್ಲಿ. ತೆಳ್ಳಗಿನ ಹನ್ನೆರಡು ಪಾತ್ರೆ ದುಡ್ಡಿಗೆ ದಪ್ಪಗಿನ ಐದು ಬರ್ತವೆ. ತೂಗಿ ನೋಡಿ ತಕ್ಕೊ, ತಳಕ್ಕೆ ಬೆರಳಲ್ಲಿ ಹೊಡೆದು ನೋಡು, ಹಿಡಿಯ ರಿವೆಟ್ಟು ಅಲ್ಲಾಡ್ತದಾ ನೋಡು. ಆಮೇಲೆ, ಮನೇಲಿ ಹಳೇ ಕುಕ್ಕರ್ ಐತಾ?

— ಅಮ್ಮ ಕೊಟ್ಟದ್ದು ಒಂದಿದೆ. ಮೂರು ಲೀಟರಿಂದೇ. ಪಕ್ಕದಲ್ಲಿ ಆವಿ ಹೋಗುತ್ತೆ, ಕೂಗೋದೇ ಇಲ್ಲ.

— ಹಂಗಾದ್ರೆ ಇವತ್ತು ಕುಕ್ಕರೂ ಕೊಳ್ಳಬ್ಯಾಡ. ಮುಂದಿನ ಸಲ ಬರೋವಾಗ ಅದನ್ನ ಮುಚ್ಚಳದ ಸಮೇತ ತಕ್ಕೊಂಡು ಬಾ. ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಹಾಕಿಕೊಡಿಸ್ತೀನಿ. ಗ್ಯಾಸ್ಕೆಟ್ ಒಂದೊಂದು ಕಂಪನಿದು ಒಂದೊಂದು ಅಳತೆ, ಮುಚ್ಚಳ ನೋಡದೆ ಕೊಡೋಕಾಗಲ್ಲ.